ಅಚೇಯ ಛಡಿ ಕಾನೂನು: ಒಂದು ಕಡತ ಹಳ್ಳಿಯಿಂದ ವೇದಿಕೆಗೆ ಹೋಗುವ ದಾರಿ

ಇಂಡೊನೇಷ್ಯಾದ ಅಚೇ ಪ್ರಾಂತ್ಯದಿಂದ ನಮ್ಮ ಪತ್ರಿಕೆಗಳಿಗೆ ಬರುವುದು ಒಂದೇ ಬಗೆಯ ಚಿತ್ರ. ಬಿಳಿ ನಿಲುವಂಗಿ ತೊಟ್ಟು ತಲೆ ತಗ್ಗಿಸಿ ನಿಂತ ಅಪರಾಧಿ, ಮುಸುಕು ಹಾಕಿಕೊಂಡ ಛಡಿಗಾರ, ಕೆಳಗೆ ಮೊಬೈಲ್ ಎತ್ತಿ ಹಿಡಿದ ಜನ. ಈ ಚಿತ್ರ ಕ್ಲಿಕ್ಕಾಗುವ ಹೊತ್ತಿಗೆ ಕಾನೂನಿನ ಕೆಲಸ ಬಹುಪಾಲು ಮುಗಿದುಹೋಗಿರುತ್ತದೆ. ಯಾರನ್ನು ಹಿಡಿಯಬೇಕು, ಯಾರನ್ನು ಊರಲ್ಲೇ ಬಿಟ್ಟುಬಿಡಬೇಕು, ಯಾವ ಕಲಮು ಹಚ್ಚಬೇಕು, ಛಡಿಯೋ ಸೆರೆಮನೆಯೋ ಎಂಬುದೆಲ್ಲ ಅದಕ್ಕೂ ಬಹಳ ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಕಾನೂನು ನಿಜಕ್ಕೂ ನಡೆಯುತ್ತದೆಯೇ ಎಂದು ತಿಳಿಯಬೇಕಾದವರು ವೇದಿಕೆಯ ಮುಂದೆ ನಿಂತು ಪ್ರಯೋಜನವಿಲ್ಲ. ಕಡತದ ಬೆನ್ನು ಹತ್ತಬೇಕು.

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇವೆ. ಸುಮಾತ್ರಾ ದ್ವೀಪದ ಉತ್ತರ ತುದಿಯ ಅಚೇಯಲ್ಲಿ ಪ್ರತ್ಯೇಕ ದೇಶಕ್ಕಾಗಿ ಬಂಡಾಯ ನಡೆಯುತ್ತಿದ್ದಾಗ ಜಕಾರ್ತ ಸರ್ಕಾರ 1999ರಲ್ಲಿ ವಿಶೇಷ ಸ್ಥಾನಮಾನದ ಕಾಯ್ದೆ ತಂದಿತು, 2001ರಲ್ಲಿ ವಿಶೇಷ ಸ್ವಾಯತ್ತತೆ ಕೊಟ್ಟಿತು. ಬಂಡುಕೋರರು ಕೇಳಿದ್ದು ಸ್ವಾತಂತ್ರ್ಯ, ಸಿಕ್ಕಿದ ಗಂಟಿನಲ್ಲಿ ಷರಿಯಾವೂ ಇತ್ತು. 2004ರ ಡಿಸೆಂಬರ್ 26ರ ಸುನಾಮಿ, ಬಂಡುಕೋರರ ಜೊತೆ 2005ರ ಆಗಸ್ಟ್ 15ರಂದು ಆದ ಹೆಲ್ಸಿಂಕಿ ಶಾಂತಿ ಒಪ್ಪಂದ, ಅಚೇ ಆಡಳಿತದ 2006ರ 11ನೇ ಕಾಯ್ದೆ ಇವೆಲ್ಲ ದಾಟಿ ಇಂದಿನ ವ್ಯವಸ್ಥೆ ನಿಂತಿದೆ. ಮೊದಲ ಸಾರ್ವಜನಿಕ ಛಡಿ ಏಟು ಬಿದ್ದದ್ದು 2005ರ ಜೂನ್‌ನಲ್ಲಿ, ಬಿರ‍್ಯೂಯೆನ್ ಪಟ್ಟಣದ ಮಸೀದಿ ಅಂಗಳದಲ್ಲಿ, ಜೂಜಾಡಿದವರಿಗೆ. 2009ರಲ್ಲಿ ಪ್ರಾಂತೀಯ ಶಾಸನಸಭೆ ವ್ಯಭಿಚಾರಕ್ಕೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನೂ ಸೇರಿಸಿ ಮಸೂದೆ ಪಾಸು ಮಾಡಿತು. ಆಗಿನ ಗವರ್ನರ್ ಇರ್ವಾಂದಿ ಯೂಸುಫ್ ಸಹಿ ಹಾಕಲಿಲ್ಲ, ಅದು ಅಲ್ಲಿಗೇ ನಿಂತಿತು. ಈಗ ಜಾರಿಯಲ್ಲಿರುವುದು 2014ರ 6ನೇ ಖಾನೂನ್ (ಪ್ರಾಂತೀಯ ಕಾನೂನು), ಅಂದರೆ ಅಪರಾಧಗಳ ಕುರಿತಾದ ಖಾನೂನ್ ಜಿನಾಯತ್. 2015ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ವಿಚಾರಣಾ ವಿಧಾನಕ್ಕೆ ಬೇರೆಯೇ ಒಂದು ಖಾನೂನ್ ಇದೆ, 2013ರ 7ನೆಯದು.

ಭಾರತದ ಓದುಗರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಎಂದರೆ ಮದುವೆ, ತಲಾಖ್, ಆಸ್ತಿ ಹಂಚಿಕೆ ಇಷ್ಟೇ. ಅಪರಾಧಕ್ಕೆ ಎಲ್ಲರಿಗೂ ಒಂದೇ ಸಂಹಿತೆ. ಬ್ರಿಟಿಷರ ಕಾಲದಿಂದ ಬಂದ ಛಡಿ ಏಟಿನ ಶಿಕ್ಷೆಯನ್ನೂ 1955ರಲ್ಲೇ ರದ್ದು ಮಾಡಿದ್ದೇವೆ. ಅಚೇಯಲ್ಲಿ ಹಾಗಲ್ಲ. ಅಲ್ಲಿ ಎರಡು ಅಪರಾಧ ಕಾನೂನುಗಳು ಒಂದೇ ರಸ್ತೆಯಲ್ಲಿ ಓಡಾಡುತ್ತವೆ. ಕೊಲೆ, ಕಳ್ಳತನ, ಮಾದಕ ವಸ್ತು, ಭ್ರಷ್ಟಾಚಾರ ಇವೆಲ್ಲ ರಾಷ್ಟ್ರೀಯ ಕಾನೂನಿಗೆ, ಮಾಮೂಲಿ ಜಿಲ್ಲಾ ನ್ಯಾಯಾಲಯಕ್ಕೆ. ಜಿನಾಯತ್ ಹಿಡಿಯುವುದು ಹತ್ತೇ ಅಪರಾಧಗಳನ್ನು: ಮದ್ಯ, ಜೂಜು, ಮದುವೆಯಾಗದ ಗಂಡು ಹೆಣ್ಣು ಏಕಾಂತದಲ್ಲಿರುವ ಖಲ್ವತ್, ಅಪ್ಪುಗೆ ಮುತ್ತು ಮುಂತಾದ ಇಖ್ತಿಲಾತ್, ಮದುವೆಯಾಚೆಗಿನ ದೈಹಿಕ ಸಂಬಂಧವಾದ ಝಿನಾ, ಲೈಂಗಿಕ ಕಿರುಕುಳ, ಅತ್ಯಾಚಾರ, ಸುಳ್ಳು ಝಿನಾ ಆರೋಪ, ಗಂಡಸರ ನಡುವಿನ ಸಂಬಂಧ, ಹೆಂಗಸರ ನಡುವಿನ ಸಂಬಂಧ. ಕಳ್ಳನ ಕೈ ಕತ್ತರಿಸುವ ಮಾತೇ ಇಲ್ಲ. ಹೆಲಿಕಾಪ್ಟರ್ ಖರೀದಿ ಹಗರಣದಲ್ಲಿ ಜೈಲಿಗೆ ಹೋದ ಗವರ್ನರ್ ಅಬ್ದುಲ್ಲಾ ಪುತೆಯಾಗಲಿ, 2018ರಲ್ಲಿ ಭ್ರಷ್ಟಾಚಾರ ನಿಗ್ರಹ ಆಯೋಗ ಬಂಧಿಸಿದ ಇದೇ ಇರ್ವಾಂದಿಯಾಗಲಿ ಛಡಿಯ ವೇದಿಕೆ ಹತ್ತಬೇಕಾಗಿ ಬರಲಿಲ್ಲ. ಖಜಾನೆ ಕದಿಯುವುದು ಈ ಪಟ್ಟಿಯಲ್ಲಿ ಇಲ್ಲವಲ್ಲ. ಅಚೇಯ ಕಾಫಿ ಅಂಗಡಿಗಳಲ್ಲಿ ಕಾನೂನಿನ ಮಾತು ಬಂದರೆ ಈ ಕೊಂಕು ಬಾರದೆ ಇರುವುದಿಲ್ಲ.

ಶಿಕ್ಷೆಯ ಅಳತೆಗೋಲು ಅರ್ಥವಾಗದೆ ಮುಂದಿನದು ಅರ್ಥವಾಗುವುದಿಲ್ಲ. ಖಾನೂನಿನಲ್ಲಿ ಒಂದು ಏಟು, ಹತ್ತು ಗ್ರಾಂ ಚಿನ್ನ, ಒಂದು ತಿಂಗಳ ಸೆರೆ ಮೂರೂ ಸಮ. ಖಲ್ವತ್‌ಗೆ ಗರಿಷ್ಠ 10 ಏಟು, ಇಲ್ಲವೇ 100 ಗ್ರಾಂ ಚಿನ್ನದ ದಂಡ, ಇಲ್ಲವೇ 10 ತಿಂಗಳು. ಇಖ್ತಿಲಾತ್‌ಗೆ 30, 300, 30. ಎರಡು ಗ್ರಾಂ ಚಿನ್ನದ ಬೆಲೆಯೊಳಗಿನ ಜೂಜಿಗೆ 12, ಅದಕ್ಕಿಂತ ಹೆಚ್ಚಿನದಕ್ಕೆ 30, ಜೂಜು ನಡೆಸುವವನಿಗೆ 45. ಮದ್ಯ ಮಾಡುವುದು, ಮಾರುವುದು, ಇಟ್ಟುಕೊಳ್ಳುವುದಕ್ಕೆ 60. ಇವೆಲ್ಲದರಲ್ಲಿ ನ್ಯಾಯಾಧೀಶರಿಗೆ ಆಯ್ಕೆ ಇದೆ. ಆಯ್ಕೆ ಇಲ್ಲದ್ದು ಮೂರು: ಕುಡಿದವನಿಗೆ 40, ಝಿನಾಕ್ಕೆ 100, ಸುಳ್ಳು ಝಿನಾ ಆರೋಪಕ್ಕೆ 80. ಇವು ಹುದೂದ್, ಅಂದರೆ ಷರಿಯಾ ನಿಗದಿ ಮಾಡಿದ ಶಿಕ್ಷೆಗಳು, ಇಳಿಸುವಂತಿಲ್ಲ. ದಂಡದ ಆಯ್ಕೆ ಕಾಗದದ ಮೇಲಷ್ಟೇ ಎನ್ನಬೇಕು. ಇವತ್ತಿನ ದರದಲ್ಲಿ ನೂರು ಗ್ರಾಂ ಚಿನ್ನವೆಂದರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಸುಮಾತ್ರಾದಲ್ಲೇ ಬಡತನದ ಪ್ರಮಾಣ ಹೆಚ್ಚಿರುವ ಪ್ರಾಂತ್ಯದಲ್ಲಿ ಮೀನುಗಾರನೋ ಗಾರೆ ಕೆಲಸದವನೋ ಅದನ್ನು ಎಲ್ಲಿಂದ ತಂದಾನು?

ಈಗ ಕಡತ. ಅದು ಹುಟ್ಟುವುದು ಠಾಣೆಯಲ್ಲಲ್ಲ, ಗಂಪೊಂಗ್‌ನಲ್ಲಿ. ಅಂದರೆ ಹಳ್ಳಿಯಲ್ಲಿ, ಅಥವಾ ನಗರದ ವಾರ್ಡಿನಲ್ಲಿ. ರಾತ್ರಿ ಹೊತ್ತು ಬಾಡಿಗೆ ಕೋಣೆಗೆ ಹೋದ ಹುಡುಗನ ಬೈಕು ಇನ್ನೂ ಹೊರಗೇ ನಿಂತಿದೆ ಎಂದು ಓಣಿಯ ಹುಡುಗರು ಬಾಗಿಲು ಬಡಿಯುತ್ತಾರೆ. ಇಬ್ಬರನ್ನೂ ಮ್ಯುನಾಸಾಕ್ಕೆ, ಅಂದರೆ ಊರ ಪ್ರಾರ್ಥನಾ ಮಂದಿರಕ್ಕೆ ಕರೆತಂದು ಊರ ಮುಖ್ಯಸ್ಥ ಕೆಚಿಕ್‌ನನ್ನೂ ಹಿರಿಯರನ್ನೂ ಎಬ್ಬಿಸುತ್ತಾರೆ. ಇಲ್ಲಿ ದಾರಿ ಎರಡಾಗಿ ಒಡೆಯುತ್ತದೆ. 2008ರ 9ನೇ ಖಾನೂನ್ ಊರ ಪದ್ಧತಿಯಂತೆ ಬಗೆಹರಿಸಬಹುದಾದ 18 ಬಗೆಯ ವ್ಯಾಜ್ಯಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ಖಲ್ವತ್ ಕೂಡ ಒಂದು. ಜಿನಾಯತ್‌ನ 24ನೇ ಕಲಮು ಸಹ ಅದನ್ನು ಒಪ್ಪುತ್ತದೆ. ಬುದ್ಧಿವಾದ, ಎಚ್ಚರಿಕೆ, ಕ್ಷಮಾಪಣೆ, ದಂಡ, ಬಹಿಷ್ಕಾರ, ಊರಿಂದ ಹೊರಗಟ್ಟುವುದು, ಇವು ಊರವರು ವಿಧಿಸಬಹುದಾದ ಶಿಕ್ಷೆಗಳು. ಕಾಗದದಲ್ಲಿಲ್ಲದ ಎರಡು ಕೂಡ ನಡೆಯುತ್ತವೆ: ಚರಂಡಿ ನೀರು ಸುರಿಯುವುದು, ಬೆಳಗಾಗುವುದರೊಳಗೆ ನಿಕಾಹ್ ಮಾಡಿಸಿಬಿಡುವುದು.

ಎಲ್ಲಿ ಊರು ಮುಗಿಸುತ್ತದೆ, ಎಲ್ಲಿ ಮೇಲಕ್ಕೆ ಕಳಿಸುತ್ತದೆ ಎಂಬುದಕ್ಕೆ ನಿಯಮವಿಲ್ಲ, ವಾಡಿಕೆ ಇದೆ. ಇಬ್ಬರೂ ಅದೇ ಊರಿನವರಾಗಿ, ಮನೆಯವರು ಮರ್ಯಾದಸ್ಥರಾಗಿದ್ದರೆ ಮಾತುಕತೆ. ಹೊರಗಿನಿಂದ ಬಂದ ವಿದ್ಯಾರ್ಥಿ, ಬಾಡಿಗೆದಾರ, ವಿಧವೆ, ಬೇರೆ ಜಿಲ್ಲೆಯ ಕೂಲಿ ಆಗಿದ್ದರೆ ಷರಿಯಾ ಕಾವಲು ದಳವಾದ ವಿಲಾಯತುಲ್ ಹಿಸ್ಬಾಕ್ಕೆ ಫೋನು. ನ್ಯಾಯಾಲಯದ ಅಂಕಿ ನೋಡಿ ಅಪರಾಧ ಕಡಿಮೆಯಾಯಿತು, ಜಾಸ್ತಿಯಾಯಿತು ಎನ್ನುವವರು ಈ ಸೋಸುವ ಹಂತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಖಲ್ವತ್ ಪ್ರಕರಣಗಳ ಅಂಕಿ ಹೇಳುವುದು ಯಾವ ಓಣಿಯವರಿಗೆ ಯಾರ ಮೇಲೆ ಕಣ್ಣಿತ್ತು ಎಂಬುದನ್ನು, ಅಷ್ಟೇ.

ಇದೇ ಹಂತದಲ್ಲಿ ಅತಿ ಕೆಟ್ಟದ್ದೂ ನಡೆದಿದೆ. 2014ರಲ್ಲಿ ಲಂಗ್ಸಾದಲ್ಲಿ ಖಲ್ವತ್ ಹಿಡಿಯುತ್ತೇವೆಂದು ಮನೆಗೆ ನುಗ್ಗಿದ ಗುಂಪು ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿತು. ಆಮೇಲೂ ಆಕೆಗೆ ಛಡಿ ಏಟು ಆಗಬೇಕು ಎಂದೇ ಅಧಿಕಾರಿಗಳು ಹೇಳಿದರು. ಬಾಗಿಲು ಬಡಿಯುವ ಅಧಿಕಾರ ಯಾರಿಗಿದೆ ಎಂದು ಖಾನೂನ್ ಖಚಿತವಾಗಿ ಹೇಳದಿದ್ದರೆ ಯಾರು ಬೇಕಾದರೂ ಬಡಿಯುತ್ತಾರೆ.

ವಿಲಾಯತುಲ್ ಹಿಸ್ಬಾವನ್ನು ವಿದೇಶಿ ವರದಿಗಳು ಷರಿಯಾ ಪೊಲೀಸ್ ಎನ್ನುತ್ತವೆ. ಆಡಳಿತದ ಲೆಕ್ಕದಲ್ಲಿ ಅದು ಬೀದಿ ವ್ಯಾಪಾರಿಗಳನ್ನು ಎಬ್ಬಿಸುವ ನಗರ ಕಾವಲು ದಳದ ಜೊತೆಗೇ ಸೇರಿದ ಇಲಾಖೆ. ಗಸ್ತು ತಿರುಗಬಹುದು, ತಡೆದು ನಿಲ್ಲಿಸಬಹುದು, ಬುದ್ಧಿ ಹೇಳಬಹುದು. ಬಿಗಿ ಪ್ಯಾಂಟು, ತಲೆವಸ್ತ್ರವಿಲ್ಲದ್ದು ಇಂಥವು 2002ರ 11ನೇ ಖಾನೂನಿಗೆ ಸೇರಿದವು, ರಸ್ತೆ ಬದಿಯಲ್ಲೇ ಹೆಸರು ಬರೆದುಕೊಂಡು ಎಚ್ಚರಿಸಿ ಕಳಿಸುತ್ತಾರೆ. ಪ್ರಕರಣ ದಾಖಲಿಸಿ ತನಿಖೆ ಮಾಡಬೇಕೆಂದರೆ ತನಿಖಾಧಿಕಾರದ ತರಬೇತಿ ಪಡೆದ ಸಿಬ್ಬಂದಿ ಬೇಕು, ಇಲ್ಲವೇ ಪೊಲೀಸರು ಬೇಕು. ಅಂಥ ಸಿಬ್ಬಂದಿ ಸಾಕಷ್ಟಿಲ್ಲದ ಜಿಲ್ಲೆಗಳಲ್ಲಿ ಕಡತ ತೆವಳುತ್ತದೆ.

ತನಿಖೆ ಮುಗಿದ ಕಡತ ಸರ್ಕಾರಿ ಅಭಿಯೋಜಕರ ಕಚೇರಿಗೆ ಹೋಗುತ್ತದೆ. ಕೊರತೆ ಇದ್ದರೆ ಪಿ-19 ಎಂಬ ಟಿಪ್ಪಣಿಯೊಂದಿಗೆ ವಾಪಸು, ಸರಿ ಇದ್ದರೆ ಪಿ-21. ವಕೀಲರು, ಪತ್ರಕರ್ತರು, ಆರೋಪಿಯ ಮನೆಯವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ, ‘ಪಿ-21 ಆಯಿತಾ?’ ಇದು ರಾಷ್ಟ್ರೀಯ ವ್ಯವಸ್ಥೆಯದೇ ಭಾಷೆ. ಪೊಲೀಸರು, ಅಭಿಯೋಜಕರು, ಸೆರೆಮನೆ ಎಲ್ಲ ಜಕಾರ್ತದ ಕೈಯಲ್ಲಿರುವವು. ಕಾನೂನು ಮಾತ್ರ ಪ್ರಾಂತ್ಯದ ರಾಜಧಾನಿ ಬಾಂದಾ ಅಚೇಯದು. ವಿಚಾರಣೆ ನಡೆಸುವ ಷರಿಯಾ ನ್ಯಾಯಾಲಯ, ಅಂದರೆ ಮಹ್ಕಮಾ ಶರಿಯ್ಯಾದ ಮೇಲ್ಮನವಿ ಪ್ರಾಂತ್ಯದ ಮಹ್ಕಮಾಕ್ಕೆ, ಅಲ್ಲಿಂದ ಜಕಾರ್ತದ ಸುಪ್ರೀಂ ಕೋರ್ಟಿಗೆ. ಖಲ್ವತ್, ಸಣ್ಣ ಜೂಜಿನಲ್ಲಿ ಮೇಲ್ಮನವಿ ಅಪರೂಪ. ಎಂಟೋ ಹತ್ತೋ ಏಟು ತಿಂದು ಮನೆಗೆ ಹೋಗುವುದೋ, ಮೇಲ್ಮನವಿ ಹಾಕಿ ಇನ್ನಷ್ಟು ತಿಂಗಳು ಒಳಗಿರುವುದೋ ಎಂಬ ಲೆಕ್ಕ ಸುಲಭ. ಬಂಧನದಲ್ಲಿ ಕಳೆದ ಪ್ರತಿ 30 ದಿನಕ್ಕೆ ಒಂದು ಏಟು ಕಡಿತ. ಬಾಂದಾ ಅಚೇಯಲ್ಲಿ 2017ರ ಮೇ ತಿಂಗಳಲ್ಲಿ ಇಬ್ಬರು ಯುವಕರಿಗೆ ಸಲಿಂಗ ಸಂಬಂಧಕ್ಕಾಗಿ 83 ಏಟು ಹೊಡೆದದ್ದು ಸುದ್ದಿಯಾಯಿತು. 83 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಹೀಗೆ: ತೀರ್ಪು 85, ಎರಡು ತಿಂಗಳ ಬಂಧನಕ್ಕೆ ಎರಡು ಕಳೆದದ್ದು.

ಮುಸ್ಲಿಮೇತರರ ವಿಷಯ ಐದನೇ ಕಲಮಿನದು. ಮುಸ್ಲಿಮನ ಜೊತೆ ಸೇರಿ ಅಪರಾಧ ಮಾಡಿದ ಮುಸ್ಲಿಮೇತರ ತಾನಾಗಿ ಒಪ್ಪಿದರೆ ಜಿನಾಯತ್, ಇಲ್ಲವಾದರೆ ರಾಷ್ಟ್ರೀಯ ಸಂಹಿತೆ. ಆ ಸಂಹಿತೆಯಲ್ಲಿಲ್ಲದ ಅಪರಾಧವಾದರೆ ಜಿನಾಯತ್ತೇ. 2016ರಲ್ಲಿ ಮಧ್ಯ ಅಚೇಯ ತಕೆಂಗೊನ್‌ನಲ್ಲಿ ಮದ್ಯ ಮಾರಿದ 60 ವರ್ಷದ ಕ್ರೈಸ್ತ ಮಹಿಳೆಗೆ ಏಟು ಬಿದ್ದದ್ದು ಮುಸ್ಲಿಮೇತರರಲ್ಲಿ ಮೊದಲನೆಯದು. 2017ರಲ್ಲಿ ಜಂತೊದಲ್ಲಿ ಕೋಳಿ ಅಂಕದ ಇಬ್ಬರು ಬೌದ್ಧರು ಸೆರೆಮನೆ ಬೇಡ, ಛಡಿಯೇ ಇರಲಿ ಎಂದು ಆರಿಸಿಕೊಂಡರು. ಇದನ್ನು ಷರಿಯಾದ ಜನಪ್ರಿಯತೆಗೆ ಸಾಕ್ಷಿ ಎಂದು ತೋರಿಸಿದವರಿದ್ದಾರೆ. ನಮಗೆ ಅದು ವಿಚಾರಣಾಧೀನ ಸೆರೆವಾಸದ ದೀರ್ಘತೆಗೆ ಸಾಕ್ಷಿಯಾಗಿ ಕಾಣುತ್ತದೆ.

ಸಾಕ್ಷ್ಯದ ಹಂತಕ್ಕೆ ಬಂದರೆ ಕಾನೂನಿನ ಬುಡವೇ ಕಾಣುತ್ತದೆ. ಉಳಿದ ಅಪರಾಧಗಳಿಗೆ ಎರಡು ಪುರಾವೆ ಸಾಕು. ಝಿನಾಕ್ಕೆ ಬೇಕಾದದ್ದು ಕೃತ್ಯವನ್ನೇ ಕಣ್ಣಾರೆ ಕಂಡ ನಾಲ್ವರು, ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ. ನಾಲ್ವರು ಎಲ್ಲಿ ಸಿಗುತ್ತಾರೆ? ಉಳಿಯುವುದು ತಪ್ಪೊಪ್ಪಿಗೆ. ಖಲ್ವತ್‌ಗೋ ಇಖ್ತಿಲಾತ್‌ಗೋ ಹಿಡಿದವರು ವಿಚಾರಣೆಯಲ್ಲಿ ‘ಹೌದು, ಕೂಡಿದ್ದೆವು’ ಎಂದು ಬಾಯಿಬಿಟ್ಟರೆ ಝಿನಾದ ನೂರು ಏಟಿಗೆ ತಾವೇ ಅರ್ಜಿ ಹಾಕಿದಂತೆ. ಹೊರಗೆ ವಕೀಲರಿಲ್ಲದೆ, ರಾತ್ರಿಯಿಡೀ ನಿದ್ದೆಗೆಟ್ಟು ಕೂತ ಹುಡುಗಿಗೆ ಈ ಒಂದು ವಾಕ್ಯದ ಬೆಲೆ ಎಷ್ಟೆಂದು ಯಾರು ಹೇಳಬೇಕು?

ಪೂರ್ವ ಅಚೇಯ ಇದಿ ಪಟ್ಟಣದಲ್ಲಿ 2022ರ ಜನವರಿಯಲ್ಲಿ ನಡೆದ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಇಬ್ಬರು ವಿವಾಹಿತರು, ಒಂದೇ ಘಟನೆ. ಗಂಡಸು ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥ. ಹೆಂಗಸು ಒಪ್ಪಿಕೊಂಡಳು. ಅವನು ಕೊನೆತನಕ ಅಲ್ಲಗಳೆದ. ಅವಳಿಗೆ ಝಿನಾದ 100 ಏಟು. ಅವನ ಮೇಲೆ ಝಿನಾ ಸಾಬೀತಾಗಲಿಲ್ಲ, ಹೆಂಡತಿಯಲ್ಲದವಳ ಜೊತೆ ಸಲುಗೆಯಿಂದಿದ್ದ ಎಂಬಷ್ಟಕ್ಕೆ 30 ಏಟು ವಿಧಿಸಿದರು, ಮೇಲ್ಮನವಿಯಲ್ಲಿ ಅದು 15ಕ್ಕೆ ಇಳಿಯಿತು. ನೂರು ಮತ್ತು ಹದಿನೈದು. ನ್ಯಾಯಾಧೀಶರು ಕಾನೂನು ಮೀರಲಿಲ್ಲ, ಕಾನೂನು ಹೇಳಿದಂತೆಯೇ ನಡೆದರು ಎಂಬುದೇ ಇದರಲ್ಲಿ ಮುಖ್ಯ. ನಿಜ ಹೇಳಿದವರಿಗೆ ಹೆಚ್ಚು ಶಿಕ್ಷೆ ಎಂದು ಗೊತ್ತಾದ ಮೇಲೆ ಮುಂದಿನವರು ಏನು ಕಲಿಯುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಭಿಯೋಜಕರೂ ಇದನ್ನು ಬಲ್ಲರು, ಆದ್ದರಿಂದಲೇ ಝಿನಾ ಎಂದು ಎಲ್ಲರಿಗೂ ತಿಳಿದ ಪ್ರಕರಣ ಎಷ್ಟೋ ಸಲ ಇಖ್ತಿಲಾತ್ ಕಲಮಿನಲ್ಲಿ ನ್ಯಾಯಾಲಯಕ್ಕೆ ಹೋಗುತ್ತದೆ. ಖಾನೂನಿಗೆ ಸಲ್ಲಬೇಕಾದ ಒಂದು ಮೆಚ್ಚುಗೆ ಇಲ್ಲಿದೆ. ಮದುವೆಯಾಗದೆ ಬಸುರಾದವಳನ್ನು ಬಸುರೊಂದನ್ನೇ ಆಧಾರ ಮಾಡಿ ಝಿನಾ ಆರೋಪಕ್ಕೆ ಒಳಪಡಿಸುವಂತಿಲ್ಲ ಎಂದು 36ನೇ ಕಲಮು ಹೇಳುತ್ತದೆ. ಪಾಕಿಸ್ತಾನದ 1979ರ ಹುದೂದ್ ಸುಗ್ರೀವಾಜ್ಞೆಯಡಿ ಹೆಣ್ಣುಮಕ್ಕಳು ಪಟ್ಟ ಪಾಡು ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ.

ಅತ್ಯಾಚಾರದಲ್ಲಿ ಕಾನೂನು ತಡವರಿಸುತ್ತದೆ. ಕಾಗದದಲ್ಲಿ ಶಿಕ್ಷೆ ಕಡಿಮೆಯೇನಲ್ಲ. ಕನಿಷ್ಠ 125, ಗರಿಷ್ಠ 175 ಏಟು, ಅಥವಾ ಅಷ್ಟೇ ತಿಂಗಳ ಸೆರೆ. ಬಲಿಪಶು ಮಗುವಾದರೆ 150ರಿಂದ 200. ಕೇಳಿದರೆ 750 ಗ್ರಾಂ ಚಿನ್ನದವರೆಗೆ ಪರಿಹಾರವೂ ಉಂಟು. ತೊಡಕು ಮೂರು ಕಡೆ. ಒಂದು, ದೂರು ಕೊಡುವವಳೇ ಪ್ರಾಥಮಿಕ ಪುರಾವೆ ತರಬೇಕು, ಸಾಲದಿದ್ದರೆ ಪ್ರಮಾಣ ಮಾಡಬಹುದು. ಆದರೆ ಆರೋಪಿಯೂ ಎದುರು ಪ್ರಮಾಣ ಮಾಡಬಹುದು. ಅವಳ ಪ್ರಮಾಣದ ಹೊರತು ಬೇರೆ ಪುರಾವೆ ಇಲ್ಲದಿದ್ದರೆ ಅವನು ಬಚಾವು. ಹಾಗಾಗಿ ಅನುಭವಸ್ಥ ವಕೀಲರು ಪ್ರಮಾಣದ ಮಾತೇ ಎತ್ತದೆ ಮೊದಲ ದಿನವೇ ಆಸ್ಪತ್ರೆಗೆ ಕರೆದೊಯ್ದು ವಿಸುಮ್ ಎಂಬ ವೈದ್ಯಕೀಯ ವರದಿ ಬರೆಸುತ್ತಾರೆ. ಊರ ಹಿರಿಯರು ರಾಜಿಗೆಂದು ನಾಲ್ಕು ದಿನ ಕೂರಿಸಿಕೊಂಡರೆ ಆ ವರದಿ ಕೈಬಿಟ್ಟುಹೋಗುತ್ತದೆ.

ಎರಡನೆಯದು ಮಕ್ಕಳ ಮೇಲಿನ ಲೈಂಗಿಕ ಕಿರುಕುಳ. ಖಾನೂನಿನಲ್ಲಿ ಗರಿಷ್ಠ 90 ಏಟು ಅಥವಾ 90 ತಿಂಗಳು, ಕನಿಷ್ಠ ಮಿತಿಯೇ ಇಲ್ಲ. ಅದೇ ಕೃತ್ಯಕ್ಕೆ ರಾಷ್ಟ್ರೀಯ ಮಕ್ಕಳ ರಕ್ಷಣಾ ಕಾಯ್ದೆಯಲ್ಲಿ 5ರಿಂದ 15 ವರ್ಷ ಸೆರೆ. ಎರಡೂ ಅನ್ವಯಿಸುವಲ್ಲಿ ಖಾನೂನೇ ಮೇಲು ಎಂದು 72ನೇ ಕಲಮು ಹೇಳುತ್ತದೆ. ಮೂರನೆಯದು ಛಡಿಯೋ ಸೆರೆಯೋ ಎಂಬ ಆಯ್ಕೆ. ಒಂದು ಏಟು ಒಂದು ತಿಂಗಳಿಗೆ ಸಮ ಎಂಬ ಅಳತೆಗೋಲು ಇಲ್ಲಿ ಮುರಿಯುತ್ತದೆ. ತೊಂಬತ್ತು ಏಟು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಅಪರಾಧಿ ಅವತ್ತೇ ಮನೆಗೆ ಹೋಗುತ್ತಾನೆ. ಆ ಮನೆ ಮಗುವಿನ ಮನೆಯ ಪಕ್ಕದ್ದಾಗಿರಬಹುದು, ಅದೇ ಮನೆಯೂ ಆಗಿರಬಹುದು. ದೂರುಗಳು ಹೆಚ್ಚಿದ ಮೇಲೆ ಸುಪ್ರೀಂ ಕೋರ್ಟ್ 2020ರ 10ನೇ ಸುತ್ತೋಲೆಯಲ್ಲಿ ಬಲಿಪಶು ಮಗುವಾಗಿದ್ದರೆ ಸೆರೆಯನ್ನೇ ವಿಧಿಸಬೇಕು ಎಂದು ಕಟ್ಟುನಿಟ್ಟು ಮಾಡಿತು. ಅದೇ ನವೆಂಬರ್‌ನಲ್ಲಿ ಪೂರ್ವ ಅಚೇಯಲ್ಲಿ ಮಗುವಿನ ಮೇಲೆ ಅತ್ಯಾಚಾರ ಮಾಡಿದ 19 ವರ್ಷದವನೊಬ್ಬನಿಗೆ 146 ಏಟು ಹೊಡೆದಿದ್ದರು. ನಡುವೆ ಅವನು ತಡೆಯಲಾರದೆ ಕುಸಿದ, ವೈದ್ಯರು ನೋಡಿ ಹೂಂ ಎಂದ ಮೇಲೆ ಮತ್ತೆ ಮುಂದುವರಿಸಿದರು. ಎಷ್ಟು ಕ್ರೂರವಾಗಿ ಕಂಡರೂ, ಮಗುವಿನ ದೃಷ್ಟಿಯಿಂದ ಅದು ಸೆರೆಗಿಂತ ಹಗುರ ಶಿಕ್ಷೆಯೇ. ಈ ವಿರೋಧಾಭಾಸವನ್ನು ಛಡಿಯ ಪರ ಇರುವವರೂ ವಿರೋಧಿಸುವವರೂ ಸಮನಾಗಿ ತಪ್ಪಿಸಿಕೊಳ್ಳುತ್ತಾರೆ.

ವೇದಿಕೆಯ ನಿಯಮಗಳು ಬಹಳ ಬಿಗಿ. ಛಡಿ ಬೆತ್ತದ್ದು, ಉದ್ದ 100 ಸೆಂಟಿಮೀಟರ್, ದಪ್ಪ 0.75ರಿಂದ 1 ಸೆಂಟಿಮೀಟರ್, ತುದಿ ಸೀಳಿರಬಾರದು. ಛಡಿಗಾರ ಅಪರಾಧಿಯಿಂದ 70 ಸೆಂಟಿಮೀಟರ್‌ನಿಂದ ಒಂದು ಮೀಟರ್ ಒಳಗೆ ನಿಲ್ಲಬೇಕು, ಪ್ರೇಕ್ಷಕರು ಕನಿಷ್ಠ 12 ಮೀಟರ್ ದೂರ ಇರಬೇಕು. ಗಂಡಸರಿಗೆ ನಿಲ್ಲಿಸಿ, ಹೆಂಗಸರಿಗೆ ಕೂರಿಸಿ, ತೆಳು ಬಟ್ಟೆಯ ಮೇಲೆ, ಬೆನ್ನಿಗೆ ಮಾತ್ರ. ಗಾಯವಾದರೆ, ವೈದ್ಯರು ಬೇಡವೆಂದರೆ ನಿಲ್ಲಿಸಿ ಉಳಿದದ್ದನ್ನು ಇನ್ನೊಂದು ದಿನಕ್ಕೆ ಹಾಕಬೇಕು. ಬಸುರಿಗೆ ಹೆರಿಗೆಯಾಗಿ 60 ದಿನ ಕಳೆಯಬೇಕು. 18 ವರ್ಷದೊಳಗಿನವರು ನೋಡುವಂತಿಲ್ಲ. ಹೆಂಗಸರಿಗೆ ಹೆಂಗಸರೇ ಹೊಡೆಯಲೆಂದು 2020ರಿಂದ ಬಾಂದಾ ಅಚೇಯಲ್ಲಿ ಮಹಿಳಾ ತಂಡವೂ ಇದೆ. ಈ ಅಳತೆಗಳಲ್ಲಿ ತಪ್ಪುವುದು ಬೆತ್ತದ ದಪ್ಪವಲ್ಲ, ಪ್ರೇಕ್ಷಕರದು. ಮಕ್ಕಳು ಹೆಗಲೇರಿ ನೋಡುತ್ತಾರೆ, ವಿಡಿಯೊ ಸಂಜೆಯೊಳಗೆ ಎಲ್ಲರ ಫೋನಿನಲ್ಲಿರುತ್ತದೆ. ಮತ್ತೆ ಗವರ್ನರ್ ಆಗಿ ಬಂದಿದ್ದ ಇರ್ವಾಂದಿ 2018ರಲ್ಲಿ ಏಟನ್ನು ಸೆರೆಮನೆಯೊಳಗೆ ಹೊಡೆಯಬೇಕೆಂದು 5ನೇ ಆದೇಶ ಹೊರಡಿಸಿದರು. ಸಂಘಟನೆಗಳು ಬೀದಿಗಿಳಿದವು. ಕಾರ್ಯಕ್ರಮ ಮಸೀದಿ ಅಂಗಳದಿಂದ ಬುಸ್ತಾನುಸ್ಸಲಾತೀನ್ ಉದ್ಯಾನದಂಥ ಕಡೆಗೆ ಬಂತೇ ಹೊರತು ಬಯಲು ಬಿಡಲಿಲ್ಲ.

ಅಂಜಿಕೆ ಹುಟ್ಟಿಸಿದೆಯೇ? ಜೂಜು ಇಸ್ಪೀಟು ಕಟ್ಟೆಯಿಂದ ಫೋನಿಗೆ ಹೋಯಿತು. ಡೊಮಿನೊ ಆಟದ ಚಿಪ್ ಮಾರುವವರು ಈಗ ವೇದಿಕೆ ಹತ್ತುತ್ತಿದ್ದಾರೆ, ಆಟ ನಡೆಸುವ ಕಂಪನಿ ಯಾರ ಕೈಗೂ ಸಿಗುವುದಿಲ್ಲ. ಜೋಡಿಗಳು ಪಕ್ಕದ ಉತ್ತರ ಸುಮಾತ್ರಾದ ಮೇದಾನ್‌ಗೆ ಬಸ್ಸು ಹತ್ತುತ್ತಾರೆ. ಖಾನೂನ್ ರೂಪಿಸುವಲ್ಲಿ ಸಲಹೆ ಕೊಟ್ಟ ಉಲೇಮಾ ಮಂಡಳಿಯ ಸದಸ್ಯರೊಬ್ಬರೇ ವಿವಾಹಿತೆಯೊಬ್ಬರ ಜೊತೆ ಸಿಕ್ಕಿಬಿದ್ದು 2019ರ ಅಕ್ಟೋಬರ್‌ನಲ್ಲಿ 28 ಏಟು ತಿಂದರು. ಕಾನೂನಿನ ಮುಂದೆ ಎಲ್ಲರೂ ಒಂದೇ ಎನ್ನುವವರು ಈ ಉದಾಹರಣೆ ಕೊಡುತ್ತಾರೆ. ಬರೆದವರನ್ನೇ ತಡೆಯದ ಕಾನೂನು ಇನ್ನಾರನ್ನು ತಡೆದೀತು ಎನ್ನುವವರೂ ಅದನ್ನೇ ಕೊಡುತ್ತಾರೆ.

ಈಗ ಕಡತ ಹಿಡಿದವರ ಮುಂದೆ ಹೊಸ ತೊಡಕೊಂದು ಬಂದಿದೆ. ಇಂಡೊನೇಷ್ಯಾದ ಹೊಸ ಅಪರಾಧ ಸಂಹಿತೆ 2026ರ ಜನವರಿ 2ರಿಂದ ಜಾರಿಗೆ ಬಂದಿದ್ದು, ಅದರ 411ನೇ ಕಲಮು ಮದುವೆಯಾಚೆಗಿನ ಸಂಬಂಧಕ್ಕೆ ಒಂದು ವರ್ಷದವರೆಗೆ ಸೆರೆ ಇಟ್ಟಿದೆ. ಆದರೆ ದೂರು ಕೊಡಬಹುದಾದವರು ಗಂಡ ಅಥವಾ ಹೆಂಡತಿ, ಇಲ್ಲವಾದರೆ ತಂದೆತಾಯಿ ಅಥವಾ ಮಕ್ಕಳು ಮಾತ್ರ. ಮೇದಾನ್‌ನಲ್ಲಿ ನೆರೆಮನೆಯವನು ದೂರು ಕೊಟ್ಟರೆ ಪೊಲೀಸರು ವಾಪಸು ಕಳಿಸಬೇಕು. ಗಡಿ ದಾಟಿ ಅಚೇಗೆ ಬಂದರೆ ಅದೇ ನೆರೆಮನೆಯವನ ಒಂದು ಫೋನು ಸಾಕು, ಕಡತ ತೆರೆಯುತ್ತದೆ. ಮುಸ್ಲಿಮೇತರ ಆರೋಪಿಗೆ ಐದನೇ ಕಲಮಿನ ಲೆಕ್ಕವೂ ಬದಲಾಗುತ್ತದೆ, ಏಕೆಂದರೆ ‘ರಾಷ್ಟ್ರೀಯ ಸಂಹಿತೆಯಲ್ಲಿಲ್ಲದ ಅಪರಾಧ’ ಎಂಬ ಪಟ್ಟಿಯಿಂದ ಒಂದು ಹೆಸರು ಕಳಚಿಕೊಂಡಿದೆ. ಅಂಥವರ ಕಡತ ಕೈಗೆತ್ತಿಕೊಳ್ಳುವ ವಕೀಲರು ಮೊದಲು ಬರೆದುಕೊಳ್ಳಬೇಕಾದದ್ದು ಎರಡು ಸಂಗತಿ: ದೂರು ಕೊಟ್ಟವರು ಯಾರು, ಮತ್ತು ವಿಚಾರಣೆಯಲ್ಲಿ ಆರೋಪಿ ಇಲ್ಲಿಯತನಕ ಏನೆಂದು ಹೇಳಿ ಸಹಿ ಹಾಕಿದ್ದಾರೆ.